ಬಿದ್ದುಹೋಗುವ ಹಲ್ಲಿಗೂ ಆರೈಕೆ ಬೇಕು

ಮಗುವಿಗೆ ಸುಮಾರು ಆರು ತಿಂಗಳಾದಾಗ ಕೆಳದವಡೆಯಲ್ಲಿ ಮೊದಲ ಹಾಲುಹಲ್ಲು ಮೂಡುತ್ತದೆ. ಮೂರು ವರ್ಷ ತುಂಬುವಷ್ಟರಲ್ಲಿ 20 ಹಲ್ಲುಗಳೂ ಬಂದಿರುತ್ತವೆ. ಆರನೆಯ ವರ್ಷದಿಂದ ಅವು ಒಂದೊಂದಾಗಿ ಉದುರುತ್ತವೆ. ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ರೂಢಿ ನಮ್ಮ ಹಳ್ಳಿಗಳದು. ಆದರೆ ‘ಹೇಗೂ ಬೀಳುವ ಹಲ್ಲು, ಹುಳುಕಾದರೇನು’ ಎಂಬ ಮಾತು ಮಾತ್ರ ಮಕ್ಕಳಿಗೆ ಬಹಳ ಕೇಡು ಮಾಡಿದೆ. ಮುಂದಿನ ಹಲ್ಲುಗಳು ಏಳೆಂಟು ವರ್ಷಕ್ಕೆ ಬಿದ್ದರೂ ಅಗಿಯುವ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಉಳಿಯಬೇಕು. ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾಯುವುದೂ ಅವುಗಳ ಕೆಲಸವೇ. ಅವನ್ನು ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು, ಹೊಸ ಹಲ್ಲು ಸೊಟ್ಟಗೆ ಹುಟ್ಟುತ್ತದೆ.

ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವಾದ ಎನಾಮೆಲ್ಲನ್ನು ಕರಗಿಸುತ್ತದೆ. ಜೊಲ್ಲು ಈ ಆಮ್ಲವನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಗಾಗಿ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಹಲ್ಲು ರಾತ್ರಿಯಿಡೀ ಸವೆಯುತ್ತದೆ. ಕೆಳಗಿನ ಮುಂಬದಿ ಹಲ್ಲುಗಳಿಗೆ ನಾಲಿಗೆಯ ಮರೆಯಿದೆ, ಮೇಲಿನವಕ್ಕಿಲ್ಲ. ಆದ್ದರಿಂದ ಹುಳುಕು ಶುರುವಾಗುವುದು ಮೇಲಿನ ನಾಲ್ಕು ಹಲ್ಲುಗಳಲ್ಲಿ. ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ ನೋಡಬೇಕು. ವಸಡಿನ ಅಂಚಿಗೆ ಸುಣ್ಣ ಬಳಿದಂತೆ ಬಿಳಿ ಗೆರೆ ಕಂಡರೆ ಅದೇ ಮೊದಲ ಲಕ್ಷಣ. ಈ ಹಂತದಲ್ಲಿ ಫ್ಲೋರೈಡ್ ವಾರ್ನಿಶ್ ಹಚ್ಚಿಸಿ, ರಾತ್ರಿ ಬಾಟಲಿ ಬಿಡಿಸಿ, ಚೆನ್ನಾಗಿ ಬ್ರಶ್ ಮಾಡಿಸಿದರೆ ಹಲ್ಲು ಕೊರೆಯದೆಯೇ ಹುಳುಕನ್ನು ತಡೆಯಬಹುದು.

ಗೆರೆ ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ಸಿಮೆಂಟ್ ತುಂಬಿಸಬೇಕು. ಹಾಲುಹಲ್ಲಿನ ಎನಾಮೆಲ್ ತೆಳು, ನರವಿರುವ ಒಳಗೂಡು ದೊಡ್ಡದು. ಹುಳುಕು ಬೇಗ ನರ ಮುಟ್ಟುತ್ತದೆ. ಆಗಲೂ ಹಲ್ಲನ್ನು ಕೀಳಲೇಬೇಕೆಂದಿಲ್ಲ. ಕೆಟ್ಟ ನರದ ಭಾಗವನ್ನು ತೆಗೆದು ಔಷಧ ತುಂಬಿ, ಮೇಲೆ ಸ್ಟೀಲ್ ಕ್ಯಾಪ್ ಹಾಕುತ್ತಾರೆ. ಹಲ್ಲು ಬೀಳುವಾಗ ಕ್ಯಾಪೂ ಅದರ ಜತೆಗೇ ಬೀಳುತ್ತದೆ. ಯಂತ್ರದ ಸದ್ದಿಗೇ ಅಳುವ ಪುಟ್ಟ ಮಕ್ಕಳಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕು ಮುಂದುವರಿಯದಂತೆ ಮಾಡಬಹುದು. ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದನ್ನು ತಂದೆತಾಯಿ ಮೊದಲೇ ತಿಳಿದಿರಬೇಕು. ಹಲ್ಲು ಕೀಳಲೇಬೇಕಾಗಿ ಬಂದರೆ, ಜಾಗ ಮುಚ್ಚಿಹೋಗದಂತೆ ತಂತಿಯ ಸಣ್ಣ ಸಾಧನವೊಂದನ್ನು ಅಲ್ಲಿ ಕೂರಿಸುತ್ತಾರೆ.

ತಂದೆತಾಯಿ ಹೆಚ್ಚಾಗಿ ಎಡವುವುದು ಆರನೆಯ ವರ್ಷದಲ್ಲಿ. ಆಗ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ದೊಡ್ಡ ದವಡೆ ಹಲ್ಲೊಂದು ಸದ್ದಿಲ್ಲದೆ ಬರುತ್ತದೆ. ಅದು ಶಾಶ್ವತ ಹಲ್ಲು. ಇದನ್ನೂ ಹಾಲುಹಲ್ಲೆಂದೇ ತಿಳಿದು ಬಿಟ್ಟುಬಿಡುವವರು ಬಹಳ. ಅದರ ಮೇಲಿನ ಆಳವಾದ ಗೀರುಗಳನ್ನು ಸೀಲೆಂಟ್ ಹಚ್ಚಿ ಮುಚ್ಚಿಸಿದರೆ ಅನ್ನ, ಬಿಸ್ಕತ್ತು ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಮೊದಲ ಹಲ್ಲು ಬಂದಾಗಿನಿಂದಲೇ ದಿನಕ್ಕೆರಡು ಸಲ ಉಜ್ಜಬೇಕು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಏಳೆಂಟು ವರ್ಷದವರೆಗೆ ದೊಡ್ಡವರ ಕೈ ಜತೆಗಿರಬೇಕು. ಆದರೆ ಫ್ಲೋರೈಡ್ ಅತಿಯಾದರೂ ಕಷ್ಟ. ಕೋಲಾರ, ತುಮಕೂರು, ಚಿತ್ರದುರ್ಗ, ಗದಗ ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳವೆಯಿಂದ ಕುಡಿದ ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಬಿಳಿ, ಕಂದು ಕಲೆಗಳು ಮೂಡುತ್ತವೆ. ಎಷ್ಟು ಉಜ್ಜಿದರೂ ಆ ಕಲೆ ಹೋಗದು. ನೀರನ್ನು ಕುದಿಸಿದರೆ ಫ್ಲೋರೈಡ್ ಕಡಿಮೆಯಾಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ.

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬುಡಸಮೇತ ಕಿತ್ತುಬಂದರೆ ಬೇರನ್ನು ಮುಟ್ಟದೆ ಹಲ್ಲನ್ನೆತ್ತಿ, ಹಸಿ ಹಾಲಿನಲ್ಲಿ ಅದ್ದಿಟ್ಟು, ಗಂಟೆಯೊಳಗೆ ದಂತವೈದ್ಯರ ಬಳಿ ಹೋದರೆ ಮರಳಿ ಕೂರಿಸಬಹುದು. ಹಾಲುಹಲ್ಲನ್ನು ಹಾಗೆ ಕೂರಿಸುವುದಿಲ್ಲ.

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಮಕ್ಕಳ ಹಲ್ಲನ್ನೂ ತಪಾಸಣೆ ಮಾಡುತ್ತವೆ. ಹುಳುಕಿದೆ ಎಂದು ಅವರು ಹೇಳಿದರೆ, ನೋವು ಬರಲಿ ಎಂದು ಕಾಯದೆ ಆ ವಾರವೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.