ಕಾರಿನ ಕೀ ಒಳಗೆ, ನಾವು ಹೊರಗೆ!

ಸೋದರಿಯರೇ, ಡಬ್ಬಿಯ ಮುಚ್ಚಳ ಬಿಗಿಯಾದರೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಾರಿನ ಬಾಗಿಲು ಲಾಕ್ ಆಗಿ, ಕೀ ಒಳಗೇ ಉಳಿದುಬಿಟ್ಟರೆ? ‘ಅದು ಗಂಡಸರ ತಲೆನೋವು’ ಎಂದು ಪುಟ ಮಗುಚಬೇಡಿ. ಈಗ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯೂ ಹೆಂಗಸರು ಕಾರು ಓಡಿಸುತ್ತಿದ್ದಾರೆ. ನಾನೂ ನಲವತ್ತು ದಾಟಿದ ಮೇಲೆ ಕಲಿತವಳೇ. ಗೇರು ಹಾಕುವುದನ್ನು ಕಲಿಸಿದವರು ಈ ಬಾಗಿಲಿನ ಪಾಠ ಕಲಿಸಲಿಲ್ಲ. ಅದನ್ನು ನಾನು ಕೊಟ್ಟೂರಿನಲ್ಲಿ ಕಲಿತೆ.

ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಸೋಮವಾರ. ರಜೆಗೆಂದು ಬಂದಿದ್ದ ನಾದಿನಿಯನ್ನೂ ಅವಳ ಎರಡು ವರ್ಷದ ಮಗಳನ್ನೂ ಕರೆದುಕೊಂಡು ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಗುರು ಬಸವೇಶ್ವರನ ದರ್ಶನಕ್ಕೆ ಹೋಗಿದ್ದೆ. ದರ್ಶನ ಆಯಿತು, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡದ್ದೂ ಆಯಿತು. ಹನ್ನೆರಡರ ಬಿಸಿಲು, ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಕೂಸು ರಚ್ಚೆ ಹಿಡಿಯಿತು. ಸುಮ್ಮನಿರಲಿ ಅಂತ ಕೀ ಗೊಂಚಲನ್ನು ಅದರ ಕೈಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದೆ. ನಾದಿನಿ ಇನ್ನೂ ಎಳನೀರಿನವನಿಗೆ ದುಡ್ಡು ಕೊಡುತ್ತಿದ್ದಳು. ನಾನು ಈ ಕಡೆಯಿಂದ ಸುತ್ತಿ ಆ ಕಡೆಗೆ ಹೋಗುವಷ್ಟರಲ್ಲಿ ‘ಟಕ್’ ಅಂದಿತು. ಕೂಸು ಕೀ ಮೇಲಿನ ಗುಂಡಿ ಒತ್ತಿತ್ತು. ನಾಲ್ಕೂ ಬಾಗಿಲು ಬಂದ್!

ಮೊದಲು ನಮಗೆ ನಗುವೇ ಬಂತು. “ಒತ್ತು ಪುಟ್ಟೀ, ಇನ್ನೊಂದು ಸಲ ಒತ್ತು” ಎಂದು ಗಾಜಿನ ಹೊರಗಿನಿಂದ ಕೈಸನ್ನೆ ಮಾಡಿದೆವು. ಅದಕ್ಕೆ ಅದೂ ಆಟವೇ. ನಕ್ಕು ಕೀಯನ್ನು ಸೀಟಿನ ಕೆಳಗೆ ಬೀಳಿಸಿತು. ಆಮೇಲೆ ಅಳು ಶುರುವಾಯಿತು.

ಜನ ಸೇರಿದರು. ಒಬ್ಬರು ಸ್ಕೇಲು ತಂದರು, ಒಬ್ಬರು ತಂತಿ ತಂದರು, ಇನ್ನೊಬ್ಬರು ಕಂಪನಿಗೆ ಫೋನ್ ಮಾಡಿ ಅಂದರು. ನಾನು ಮನೆಗೆ ಫೋನ್ ಮಾಡಿದೆ. “ಇನ್ನೊಂದು ಕೀ ಎಲ್ಲಿಟ್ಟಿದ್ದೀಯ?” ಎಂದರು ನಮ್ಮನೆಯವರು. “ಬೀರುವಿನಲ್ಲಿ.” “ಬೀರುವಿನ ಕೀ?” ಅದು ಕೂಸಿನ ಕಾಲ ಕೆಳಗೆ, ಅದೇ ಗೊಂಚಲಿನಲ್ಲಿತ್ತು!

ಹತ್ತು ನಿಮಿಷವಾಗಿರಬಹುದು. ಕೂಸಿನ ಮುಖ ಕೆಂಪಗಾಗಿ, ಕೂದಲು ಹಣೆಗೆ ಅಂಟಿಕೊಂಡಿತ್ತು. ಅಳುವ ಸದ್ದು ಸಣ್ಣದಾಗುತ್ತಾ ಬಂತು. ಬರೆಯಲು ನಾಚಿಕೆಯಾಗುತ್ತದೆ, ಆಗಲೂ ನನ್ನ ತಲೆಯಲ್ಲಿದ್ದದ್ದು ಗಾಜಿನ ಖರ್ಚು, ಮನೆಯಲ್ಲಿ ಏನನ್ನುತ್ತಾರೋ ಎಂಬ ಅಂಜಿಕೆ. ಹೂವು ಮಾರುತ್ತಿದ್ದ ಅಜ್ಜಿಯೊಬ್ಬಳು ಬುಟ್ಟಿ ಇಳಿಸಿ ಬಂದು, “ಯವ್ವಾ, ಗಾಜು ಅಂಗಡ್ಯಾಗ ಸಿಗತೈತಿ. ಕೂಸು ಸಿಗತೈತೇನು? ಒಡಸು!” ಎಂದು ಗದರಿದಳು. ಪಂಕ್ಚರ್ ಅಂಗಡಿಯ ಹುಡುಗ ಸುತ್ತಿಗೆ ತಂದು ಮುಂದಿನ ಎಡಗಡೆಯ ಗಾಜು ಒಡೆದ. ನಾದಿನಿ ಕೂಸನ್ನು ಎತ್ತಿಕೊಂಡವಳು ಸಂಜೆಯವರೆಗೂ ಇಳಿಸಲಿಲ್ಲ. ನನ್ನೊಡನೆ ಎರಡು ದಿನ ಸರಿಯಾಗಿ ಮಾತೂ ಆಡಲಿಲ್ಲ. ತಪ್ಪು ನನ್ನದೇ.

ಆಮೇಲೆ ಓದಿ, ಕೇಳಿ ತಿಳಿದುಕೊಂಡಾಗ ಮೈ ಜುಮ್ಮೆಂದಿತು. ನಿಂತ ಕಾರು ಬಿಸಿಲಿನಲ್ಲಿ ಒಲೆಯಂತೆ ಕಾಯುತ್ತದೆ. ಗಾಜಿನಿಂದ ಒಳಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ, ಆ ಕಾವು ಹೊರಗೆ ಹೋಗುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಏರಿತ್ತು. ಅದರ ಹೆಚ್ಚಿನ ಪಾಲು ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಒಂದಿಷ್ಟು ಇಳಿಸಿಟ್ಟರೂ ಪ್ರಯೋಜನ ಕಾಣಲಿಲ್ಲ. ಮಕ್ಕಳ ಮೈಯೋ, ದೊಡ್ಡವರದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯೇರುತ್ತದಂತೆ. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪೂಡಿ ಹಳ್ಳಿಯಲ್ಲಿ ಆಡುತ್ತಾ ನಿಂತ ಕಾರಿನೊಳಗೆ ಹೊಕ್ಕ ನಾಲ್ಕು ಮಕ್ಕಳು ಹೊರಗೆ ಬರಲಾಗದೆ ತೀರಿಕೊಂಡವು. ಅಂಗಳದಲ್ಲಿ ನಿಲ್ಲಿಸಿದ ಕಾರನ್ನೂ ಲಾಕ್ ಮಾಡಿಯೇ ಇಡಬೇಕು ಅನ್ನುವುದು ಇದಕ್ಕೇ.

ಆದ್ದರಿಂದ ಒಳಗೆ ಮಗುವೋ, ವಯಸ್ಸಾದವರೋ ಸಿಕ್ಕಿಕೊಂಡಿದ್ದರೆ ಮೆಕ್ಯಾನಿಕ್ ಬರಲಿ ಎಂದು ಕಾಯಬೇಡಿ. ಮಗು ಅಳು ನಿಲ್ಲಿಸಿತೆಂದರೆ ನಿದ್ದೆ ಹೋಯಿತು ಅಂದುಕೊಳ್ಳಬೇಡಿ. ಒಬ್ಬರು 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಗಾಜು ಒಡೆಯಲಿ. ಮುಂದಿನ ದೊಡ್ಡ ಗಾಜಿಗೆ ಕೈ ಹಾಕಬೇಡಿ. ಅದರೊಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಬಿರುಕು ಬಿಡುತ್ತದೆಯೇ ಹೊರತು ಬೀಳುವುದಿಲ್ಲ. ಮಗುವಿನಿಂದ ದೂರವಿರುವ ಬಾಗಿಲಿನ ಗಾಜನ್ನು ಆರಿಸಿಕೊಳ್ಳಿ. ನಡುವೆ ಹೊಡೆದರೆ ಕಲ್ಲೂ ಹಿಂದಕ್ಕೆ ಪುಟಿಯುತ್ತದೆ. ಮೂಲೆಗೆ, ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಬೇಕು. ಕೈಗೆ ಟವೆಲ್ಲೋ ಸೆರಗೋ ಸುತ್ತಿಕೊಂಡು, ಮುಖ ಆ ಕಡೆ ತಿರುಗಿಸಿಕೊಳ್ಳಿ. ಪಕ್ಕದ ಗಾಜು ಸಾಮಾನ್ಯವಾಗಿ ಕಲ್ಲುಸಕ್ಕರೆಯಂತೆ ಸಣ್ಣ ಹರಳಾಗಿ ಉದುರುತ್ತದೆ.

ಮಗುವನ್ನು ನೆರಳಿಗೆ ತಂದು ಬಟ್ಟೆ ಬಿಚ್ಚಿ, ಮೈಗೆಲ್ಲ ತಣ್ಣೀರಿನ ಬಟ್ಟೆ ಒತ್ತಿ ಗಾಳಿ ಹಾಕಿ. ಎಚ್ಚರವಾಗಿದ್ದರೆ ಗುಟುಕು ಗುಟುಕಾಗಿ ನೀರು ಕೊಡಿ. ಮಂಕಾಗಿದ್ದರೆ, ವಾಂತಿ ಅಥವಾ ಫಿಟ್ಸ್ ಬಂದರೆ ಬಾಯಿಗೆ ನೀರು ಹಾಕಬೇಡಿ, 108 ಕರೆಸಿ ಆಸ್ಪತ್ರೆಗೆ ಹೋಗಿ.

ಒಳಗೆ ಯಾರೂ ಇಲ್ಲವೋ? ಹಾಗಾದರೆ ಗಡಿಬಿಡಿ ಏಕೆ? ಮೊದಲು ಎಲ್ಲ ಬಾಗಿಲು, ಡಿಕ್ಕಿಯನ್ನೂ ಒಮ್ಮೆ ಎಳೆದು ನೋಡಿ. ಸ್ಕೇಲು, ತಂತಿಯ ವಿದ್ಯೆಗಳೆಲ್ಲ ಹಳೆಯ ಅಂಬಾಸಿಡರ್, ಮಾರುತಿ 800ರ ಕಾಲದವು. ಈಗಿನ ಬಾಗಿಲುಗಳೊಳಗೆ ವೈರುಗಳಿರುತ್ತವೆ, ಕೆಲವು ಕಾರುಗಳಲ್ಲಿ ಏರ್‌ಬ್ಯಾಗಿನ ಯಂತ್ರವೂ. ತಂತಿ ತೂರಿಸಿದರೆ ಹತ್ತು ರೂಪಾಯಿಯ ಕೆಲಸಕ್ಕೆ ಸಾವಿರಗಟ್ಟಲೆ ದಂಡ. ರಸ್ತೆಯಲ್ಲಿ ನೆರವಾಗುವವರ ಫೋನ್ ನಂಬರು ಇನ್ಶೂರೆನ್ಸ್ ಕಾಗದದಲ್ಲಿ ಇದ್ದರೆ ಅದನ್ನು ಮೊಬೈಲಿನಲ್ಲೂ ಬರೆದಿಟ್ಟುಕೊಳ್ಳಿ. ಕಾಗದ ಕಾರಿನೊಳಗೇ ಇದ್ದರೆ ಏನು ಬಂತು?

ಕೀ ಕೈಯಲ್ಲೇ ಇದ್ದು ಗುಂಡಿ ಕೆಲಸ ಮಾಡದಿದ್ದರೆ ಬಹುತೇಕ ಅದರ ಸೆಲ್ ಮುಗಿದಿರುತ್ತದೆ. ಅಂಥ ಎಷ್ಟೋ ರಿಮೋಟುಗಳ ಹೊಟ್ಟೆಯೊಳಗೆ ಒಂದು ಸಣ್ಣ ಕಬ್ಬಿಣದ ಕೀ ಅಡಗಿರುತ್ತದೆ. ಅದನ್ನು ಎಳೆದು ತೆಗೆದು ಡ್ರೈವರ್ ಬಾಗಿಲಿಗೆ ಹಾಕಬೇಕು. ಬಾಗಿಲಿನಲ್ಲಿ ತೂತು ಕಾಣದಿದ್ದರೆ ಹಿಡಿಯ ಬಳಿ ಮುಚ್ಚಳದಡಿ ಇರುತ್ತದೆ. ಇದು ನಮ್ಮನೆಯವರಿಗೂ ಗೊತ್ತಿರಲಿಲ್ಲ, ತೋರಿಸಿದ್ದು ನಾನೇ!

ಇನ್ನೊಂದು ಮೋಸ ಹೇಳುತ್ತೇನೆ. ರಿಮೋಟಿನಿಂದ ಲಾಕ್ ತೆಗೆದು ಅರ್ಧ ನಿಮಿಷದೊಳಗೆ ಬಾಗಿಲು ಎಳೆಯದಿದ್ದರೆ ಅನೇಕ ಕಾರುಗಳು ತಾವೇ ಮತ್ತೆ ಲಾಕ್ ಆಗುತ್ತವೆ. ಸಂತೆಯ ಚೀಲದ ಜೊತೆ ಕೀಯನ್ನೂ ಡಿಕ್ಕಿಯಲ್ಲಿಟ್ಟು ಮುಚ್ಚಿದಿರೋ, ಮುಗಿಯಿತು. ಮೈಲಾರದ ಕಾರಣಿಕದಂಥ ಜಾತ್ರೆಗೆ ಹೋದಾಗಲಂತೂ ಕೀ ಒಬ್ಬರ ಸೊಂಟದಲ್ಲೇ ಇರಲಿ.

ಎರಡನೆಯ ಕೀ ವಿಷಯ ಮರೆಯಬಾರದು. ಕಾರು ಕಳುವಾದರೆ ಇನ್ಶೂರೆನ್ಸಿನವರು ಎರಡೂ ಕೀ ಕೇಳುತ್ತಾರೆ, ಅದಕ್ಕೂ ಅದು ಬೇಕು. ಹೊಸ ಕಾರಿನ ಜೊತೆ ಕೀ ನಂಬರಿನ ಚೀಟಿಯೋ ಬಿಲ್ಲೆಯೋ ಕೊಟ್ಟಿದ್ದರೆ ಮನೆಯ ಕಾಗದಪತ್ರಗಳೊಂದಿಗೆ ಇಡಿ. ನಮ್ಮ ಎರಡನೆಯ ಕೀ ಈಗ ಬೀರುವಿನಲ್ಲಿಲ್ಲ. ನಮ್ಮತ್ತೆಯವರ ಎಲೆಅಡಿಕೆಯ ಡಬ್ಬಿಯಲ್ಲಿದೆ, ಅವರು ಮನೆ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಕೂಸು ಊರಿಗೆ ಬಂದಾಗ ಅದರ ಕೈಗೆ ಕೊಡುವುದು ಒಂದು ಹಳೆಯ ಸೌಟು.