ಕಾಲು ನಡೆದರೆ ಸಾಲದು

ಕಲಬುರಗಿ ಜಿಲ್ಲೆಯ ನಮ್ಮ ನರೋಣಾದಲ್ಲಿ ಯಾರಿಗಾದರೂ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದರೆ ನೋಡಲು ಬಂದವರು ಕೇಳುವುದು ಎರಡೇ ಮಾತು: ‘ಕೈ ಎತ್ತತಾರೇನು? ಎದ್ದು ಅಡ್ಡಾಡತಾರೇನು?’ ಹೌದೆಂದರೆ ದೇವರಿಗೆ ಕೈಮುಗಿದು ಹೋಗುತ್ತಾರೆ. ಮೂರನೆಯ ಮಾತೊಂದಿದೆ: ‘ಮೊದಲಿನ ಹಾಂಗ ವಿಚಾರ ಮಾಡತಾರೇನು?’ ಅದನ್ನು ಕೇಳುವವರು ಇಲ್ಲ. ಕೇಳದ್ದಕ್ಕೇ ಎಷ್ಟೋ ಮನೆಗಳಲ್ಲಿ ಬೇನೆಬಿದ್ದವರಿಗೆ ಹಟಮಾರಿ, ಮೈಗಳ್ಳ, ತಲೆಕೆಟ್ಟವರು ಎಂಬ ಹೆಸರು ಬರುತ್ತದೆ. ಅದು ಅವರ ಸ್ವಭಾವವಲ್ಲ, ಮಿದುಳಿಗೆ ಬಿದ್ದ ಪೆಟ್ಟು ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ವೈದ್ಯಳಲ್ಲ. ಅಪ್ಪನಿಗೆ ಲಕ್ವಾ ಹೊಡೆದ ಮೇಲೆ ಡಾಕ್ಟರರನ್ನೂ ವಾಕ್‌ಚಿಕಿತ್ಸಕರನ್ನೂ ಕೇಳಿ, ಓದಿ ತಿಳಿದುಕೊಂಡಿದ್ದೇನೆ.

ಅಪ್ಪನದು ಕಿರಾಣಿ ಅಂಗಡಿ. ಮನೆಯಲ್ಲಿ ಕನ್ನಡ, ಗಿರಾಕಿಗಳ ಕೂಡ ಕನ್ನಡದ ಜೊತೆ ಉರ್ದು, ಸೊಲ್ಲಾಪುರಕ್ಕೆ ಮಾಲು ತರಲು ಹೋದರೆ ಮರಾಠಿ. ಉದ್ರಿ ಪುಸ್ತಕ ತೆರೆಯದೆಯೇ ಯಾರ ಬಾಕಿ ಎಷ್ಟೆಂದು ಹೇಳುತ್ತಿದ್ದರು. ತೊಗರಿ ರಾಶಿಯ ದಿನಗಳಲ್ಲಿ ಒಂದು ಮುಂಜಾನೆ ಬಲಗೈಯಿಂದ ತಕ್ಕಡಿ ಜಾರಿತು, ಬಾಯಿ ಓರೆಯಾಯಿತು, ಮಾತು ನಿಂತಿತು. ಕಲಬುರಗಿಯಲ್ಲಿ ಸ್ಕ್ಯಾನ್ ಮಾಡಿದಾಗ ಮಿದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡಿತು. ತಿಂಗಳೊಪ್ಪತ್ತಿನಲ್ಲಿ ಕೋಲು ಹಿಡಿದು ನಡೆದರು. ಊರಿನ ಲೆಕ್ಕದಲ್ಲಿ ಅಲ್ಲಿಗೆ ಅಪ್ಪ ಗುಣವಾದರು.

ಮನೆಯಲ್ಲಿ ನಮಗೆ ಕಂಡದ್ದು ಬೇರೆ. ನೀರು ಬೇಕಾದರೆ ‘ಚೀಲ’ ಎನ್ನುತ್ತಿದ್ದರು. ತಪ್ಪೆಂದು ತಮಗೇ ಗೊತ್ತಾಗಿ ಹಣೆ ಬಡಿದುಕೊಳ್ಳುತ್ತಿದ್ದರು. ನೂರರ ನೋಟು ಕೊಟ್ಟು ಚಿಲ್ಲರೆ ಕೇಳಿದರೆ ನೋಟನ್ನೇ ನೋಡುತ್ತ ಕೂಡುತ್ತಿದ್ದರು. ಆದರೆ ಸೋಮವಾರದ ಭಜನೆಯಲ್ಲಿ ಇಡೀ ಪದ ತಪ್ಪಿಲ್ಲದೆ ಹಾಡಿದರು. ‘ಹಾಡ್ಲಾಕ ಬರತದ, ಮಾತಾಡ್ಲಾಕ ಬರಲ್ಲಂದ್ರ ಹ್ಯಾಂಗ? ಬೇಕಂತ ಮಾಡ್ಲತ್ತಾರ’ ಎಂದು ನೆಂಟರೊಬ್ಬರು ಅಂದಾಗ ಅಪ್ಪನ ಕಣ್ಣು ತುಂಬಿ ಬಂತು. ಮಾತು ಹೋಗಿತ್ತು, ಆ ಮಾತು ತಿಳಿಯುವ ಶಕ್ತಿ ಹೋಗಿರಲಿಲ್ಲ.

ಮಿದುಳಿನಲ್ಲಿ ಆಗುವುದೇನು?

ಮಿದುಳಿನ ತೂಕ ನಮ್ಮ ದೇಹದ ತೂಕದಲ್ಲಿ ನೂರಕ್ಕೆ 2 ಪಾಲು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಹಾಗಾಗಿ ರಕ್ತ ನಿಂತರೆ ಮೊದಲು ಸಾಯುವುದು ಮಿದುಳಿನ ಜೀವಕೋಶ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಲಕ್ವಾದಲ್ಲಿ ಬಹುಪಾಲು ರಕ್ತ ಹೆಪ್ಪುಗಟ್ಟಿ ಆಗುವಂಥದು, ಉಳಿದದ್ದು ರಕ್ತನಾಳ ಒಡೆದು ಆಗುವಂಥದು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಆಯ್ದ ಕೆಲವರಲ್ಲಿ ನಳಿಕೆ ಹಾಯಿಸಿ ಹೆಪ್ಪನ್ನು ಹೊರಗೆಳೆಯಲು 24 ಗಂಟೆಯವರೆಗೂ ಅವಕಾಶವಿದೆ. ಊರಿನಿಂದ ಕಲಬುರಗಿಯ ದಾರಿಯೂ ಈ ಗಂಟೆಗಳ ಲೆಕ್ಕದಲ್ಲೇ ಸೇರುತ್ತದೆ. ಆದ್ದರಿಂದ ಬಾಯಿ ಓರೆಯಾಯಿತು, ಒಂದು ಕೈ ಬಿದ್ದುಹೋಯಿತು, ಮಾತು ತೊದಲಿತು ಎಂದರೆ ಅದೇ ಕ್ಷಣ 108ಕ್ಕೆ ಫೋನ್ ಮಾಡಬೇಕು. ಪಾರಿವಾಳದ ರಕ್ತ ಹಚ್ಚುತ್ತ, ಎಣ್ಣೆ ತಿಕ್ಕುತ್ತ ಕಳೆಯುವ ಹೊತ್ತು ಮಿದುಳಿನದೇ ಹೊತ್ತು.

ರಕ್ತ ಯಾವ ಭಾಗಕ್ಕೆ ನಿಂತಿತೋ ಆ ಭಾಗದ ಕೆಲಸ ಕೆಡುತ್ತದೆ. ಬಹುತೇಕ ಜನರಲ್ಲಿ ಭಾಷೆಯ ಕೆಲಸ ಮಿದುಳಿನ ಎಡಭಾಗದ್ದು. ಅಲ್ಲಿ ಪೆಟ್ಟು ಬಿದ್ದರೆ ಬಲಗೈ ಬಲಗಾಲಿನ ಜೊತೆ ಮಾತೂ ಹೋಗಬಹುದು. ಹೀಗೆ ಮಾತು ಹೋಗುವುದಕ್ಕೆ ಅಫೇಸಿಯಾ ಎನ್ನುತ್ತಾರೆ. ಅಪ್ಪನಿಗೆ ಆದದ್ದು ಇದೇ. ಅಂಗಡಿಯಲ್ಲಿ ಮಾಲೆಲ್ಲ ಇದೆ, ಯಾವ ಡಬ್ಬಿ ಎಲ್ಲಿದೆ ಎಂದು ಕೈಗೆ ಸಿಗುತ್ತಿಲ್ಲ, ಅಷ್ಟೇ. ನೀರು ಎಂದರೇನೆಂದು ಅವರಿಗೆ ಗೊತ್ತು, ಆ ಶಬ್ದ ಬಾಯಿಗೆ ಬರುವುದಿಲ್ಲ. ಬಾಯಿಪಾಠವಾದ ಭಜನೆ, ಒಂದರಿಂದ ಹತ್ತರ ಎಣಿಕೆ, ವಾರಗಳ ಹೆಸರು ಹುಡುಕದೆ ತಾವೇ ಹರಿದು ಬರುವ ಮಾತುಗಳು. ಹಾಡಿಗೆ ಮಿದುಳಿನ ಬಲಭಾಗದ ನೆರವೂ ಇದೆ. ಹೊಸದಾಗಿ ಒಂದು ವಾಕ್ಯ ಕಟ್ಟುವುದು ಬೇರೆಯೇ ಕೆಲಸ. ಹಾಡಲು ಬರುವವರು ನಟನೆ ಮಾಡುತ್ತಿಲ್ಲ.

ಅರ್ಧ ರೊಟ್ಟಿ

ನಮ್ಮ ಓಣಿಯ ಆಯಿಯೊಬ್ಬರಿಗೆ ಹೊಡೆದದ್ದು ಮಿದುಳಿನ ಬಲಭಾಗಕ್ಕೆ. ಎಡಗೈ ಬಿತ್ತು, ಮಾತು ಉಳಿಯಿತು. ಮಾತು ಚೆನ್ನಾಗಿದ್ದುದರಿಂದ ತಲೆಗೆ ಏನೂ ಆಗಿಲ್ಲವೆಂದು ಎಲ್ಲರೂ ನಂಬಿದರು. ಆದರೆ ಆಯಿ ತಾಟಿನ ಬಲಗಡೆಯ ರೊಟ್ಟಿ ಮಾತ್ರ ತಿಂದು ಎದ್ದುಬಿಡುತ್ತಿದ್ದರು. ‘ಸೊಸಿ ನನಗ ಅರ್ಧಾ ರೊಟ್ಟಿನೇ ಹಾಕತಾಳ’ ಎಂದು ಬಂದವರ ಮುಂದೆಲ್ಲ ದೂರು. ಉಳಿದರ್ಧ ತಾಟಿನ ಎಡಕ್ಕೆ ಹಾಗೆಯೇ ಇರುತ್ತಿತ್ತು. ತಲೆ ಬಾಚಿಕೊಂಡರೆ ಬಲಗಡೆ ಮಾತ್ರ. ಹಗಲುರಾತ್ರಿ ಸೇವೆ ಮಾಡುವ ಸೊಸೆಗೆ ಹೊಟ್ಟೆಗೆ ಹಾಕದವಳೆಂಬ ಅಪವಾದ ಬಂತು.

ಆಯಿಯ ಕಣ್ಣಿಗೆ ಏನೂ ಆಗಿರಲಿಲ್ಲ. ಎಡಗಡೆಗೆ ಗಮನವೇ ಹೋಗುತ್ತಿರಲಿಲ್ಲ. ಬಲಭಾಗಕ್ಕೆ ಪೆಟ್ಟಾದವರಲ್ಲಿ ಹೀಗಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಇಂಥವರಲ್ಲಿ ಹಲವರಿಗೆ ತಮ್ಮಲ್ಲಿ ಕೊರತೆ ಇದೆಯೆಂಬುದೇ ತಿಳಿಯುವುದಿಲ್ಲ. ಬಿದ್ದ ಕೈ ಸರಿಯಾಗಿಯೇ ಇದೆ ಎಂದು ವಾದಿಸುತ್ತಾರೆ, ಎದ್ದು ನಡೆಯಲು ಹೋಗಿ ಬೀಳುತ್ತಾರೆ. ಚಿಕಿತ್ಸಕರು ಕಲಿಸಿದ ಉಪಾಯ ಸರಳವಾದದ್ದು. ಎಡಗಡೆ ಕುಳಿತು ಮಾತಾಡಿಸುವುದು, ಎಡಗೈಗೆ ಕೆಂಪು ಬಳೆ ತೊಡಿಸಿ ‘ಬಳಿ ಎಲ್ಲದ ಆಯಿ, ನೋಡ್ರಿ’ ಎಂದು ಊಟಕ್ಕೂ ಮುಂಚೆ ಹುಡುಕಿಸುವುದು. ಓದು ಬಲ್ಲವರಾದರೆ ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಪ್ರತಿ ಸಾಲನ್ನೂ ಆ ಗೆರೆಯಿಂದಲೇ ಶುರು ಮಾಡಿಸುತ್ತಾರೆ. ದಿನವೂ ಮಾಡಿಸಿದ ಮೇಲೆ ಆಯಿಯ ಕತ್ತು ಎಡಕ್ಕೆ ಹೊರಳತೊಡಗಿತು. ಕಾರಣ ತಿಳಿದ ಮೇಲೆ ಸೊಸೆಯ ಮೇಲಿನ ಅಪವಾದವೂ ನಿಂತಿತು.

ಇನ್ನೂ ಕೆಲವು ಕೊರತೆಗಳು ಕಣ್ಣಿಗೇ ಬೀಳುವುದಿಲ್ಲ. ಅಡುಗೆಗೆ ಮೊದಲು ಏನು, ಆಮೇಲೆ ಏನು ಎಂಬ ಕ್ರಮ ತಪ್ಪುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಒಂದೂ ತಲೆಗೆ ಹೋಗುವುದಿಲ್ಲ. ಚಿಕ್ಕ ಕೆಲಸಕ್ಕೇ ಮಿದುಳು ದಣಿಯುತ್ತದೆ. ದುಃಖವಿಲ್ಲದೆಯೂ ಅಳು ಉಕ್ಕಿ ಬರುತ್ತದೆ. ಲಕ್ವಾ ಹೊಡೆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧವೂ ಇದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ ಗಾಯ ಮಾಯ್ದ ಮೇಲೆ ಸಿಡುಕನಾದರೆ, ಕೂಡಿಟ್ಟ ಹಣ ಹಾಳುಮಾಡಿದರೆ, ಮಿದುಳಿನ ಮುಂಭಾಗಕ್ಕೆ ಏಟಾಗಿರಬಹುದು. ಬಿಪಿಯ ಗುಳಿಗೆ ಬಿಟ್ಟವರಲ್ಲಿ ಹೊರಗೆ ಕಾಣದ ಸಣ್ಣ ಸಣ್ಣ ಲಕ್ವಾಗಳು ಸೇರುತ್ತ ಹೋಗಿ ಮರೆವಿನ ರೋಗವಾಗುವುದುಂಟು.

ಯೋಗ್ಯತೆ ತೀರ್ಮಾನಿಸುವವರು ಯಾರು?

ನಮ್ಮ ಜಿಲ್ಲೆಯ ಹಿರಿಯರಿಗೆ ಒಂದು ಪ್ರಕರಣ ನೆನಪಿದೆ. ಚಿಂಚೋಳಿಯ ವೀರೇಂದ್ರ ಪಾಟೀಲರ ಮುಂದಾಳತನದಲ್ಲಿ 1989ರಲ್ಲಿ ಕಾಂಗ್ರೆಸ್ ವಿಧಾನಸಭೆಯ 224 ಸ್ಥಾನಗಳಲ್ಲಿ 178 ಗೆದ್ದಿತ್ತು. ಮುಖ್ಯಮಂತ್ರಿಯಾಗಿದ್ದಾಗಲೇ, 1990ರಲ್ಲಿ, ಅವರಿಗೆ ಪಾರ್ಶ್ವವಾಯು ಬಡಿಯಿತು. ಅವರನ್ನು ನೋಡಲು ಬಂದಿದ್ದ ರಾಜೀವ್ ಗಾಂಧಿ ಮರಳುವಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾಗುತ್ತಾರೆಂದು ಘೋಷಿಸಿದರು. ಪಾಟೀಲರು ಒಪ್ಪಲಿಲ್ಲ. ಅಕ್ಟೋಬರ್ 17ರಂದು ಬಂಗಾರಪ್ಪನವರು ಅಧಿಕಾರ ವಹಿಸಿಕೊಂಡರು. ಅದರ ಹಿಂದೆ ರಾಜಕೀಯದ ಕಾರಣಗಳೂ ಇದ್ದವು. ಆದರೂ ನನ್ನ ಮನಸ್ಸಿಗೆ ನಾಟುವುದು ಇದು: ಪಾರ್ಶ್ವವಾಯು ಬಡಿದವರು ವಿಚಾರ ಮಾಡಬಲ್ಲರೋ ಇಲ್ಲವೋ ಎಂಬುದನ್ನು ಎಷ್ಟು ಬೇಗ ಬೇರೆಯವರು ತೀರ್ಮಾನಿಸಿಬಿಡುತ್ತಾರೆ! ಮುಖ್ಯಮಂತ್ರಿಗೆ ಆದದ್ದು ಬಡವರ ಮನೆಗಳಲ್ಲಿ ದಿನಾ ಆಗುತ್ತದೆ. ತಿಜೋರಿಯ ಕೀಲಿ ಕೈಬಿಡುತ್ತದೆ, ಮಗಳ ಮದುವೆ ಮಾತುಕತೆಗೆ ಕರೆಯುವುದಿಲ್ಲ, ಹೊಲದ ಕಾಗದಕ್ಕೆ ಹೆಬ್ಬೆಟ್ಟು ಮಾತ್ರ ಒತ್ತಿಸಿಕೊಳ್ಳುತ್ತಾರೆ.

ವಿಚಾರಶಕ್ತಿಯನ್ನು ಮುಖ ನೋಡಿ ಹೇಳಲಾಗದು, ಪರೀಕ್ಷಿಸಬೇಕು. ಅದೂ ಅವರ ಭಾಷೆಯಲ್ಲಿ, ಅವರ ಓದಿಗೆ ತಕ್ಕಂತೆ. ಶಾಲೆಯ ಮೆಟ್ಟಿಲು ಹತ್ತದ ರೈತನಿಗೆ ಗಡಿಯಾರದ ಚಿತ್ರ ಬರೆಯಿರಿ ಎಂದರೆ ಆರೋಗ್ಯವಂತನೂ ಸೋಲುತ್ತಾನೆ. ಈ ಕೆಲಸ ನಮ್ಮಲ್ಲಿ ನಡೆದಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಅಫೇಸಿಯಾ ಪರೀಕ್ಷೆಯನ್ನು ಕನ್ನಡಕ್ಕೆ ಒಗ್ಗಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಮಿದುಳುಶಕ್ತಿಯ ಪರೀಕ್ಷೆಗಳು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಇವೆ.

ನಾಲ್ಕು ಭಾಷೆಯ ಸೀಮೆಗೆ ಒಂದು ಸುದ್ದಿ

1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಭಾಗದವರು ಈಗಲೂ ದೊಡ್ಡ ಬೇನೆಗೆ ಹೈದರಾಬಾದಿಗೆ ಹೋಗುತ್ತಾರೆ. ಅಲ್ಲಿನ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ದಾಖಲಾಗಿದ್ದ 608 ಪಾರ್ಶ್ವವಾಯು ರೋಗಿಗಳನ್ನು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. 2016ರಲ್ಲಿ ಅದು ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ನೂರಕ್ಕೆ 40.5 ಜನರ ವಿಚಾರಶಕ್ತಿ ಲಕ್ವಾದ ನಂತರವೂ ಸಹಜವಾಗಿತ್ತು, ಒಂದೇ ಭಾಷೆ ಬಲ್ಲವರಲ್ಲಿ 19.6 ಜನರದು ಮಾತ್ರ. ಅಫೇಸಿಯಾ ಮಾತ್ರ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಹಲವು ಭಾಷೆ ಬಂದರೆ ಮಾತು ಹೋಗುವುದಿಲ್ಲ ಎಂದಲ್ಲ. ಗಿರಾಕಿ ನೋಡಿ ಭಾಷೆ ಬದಲಿಸುವವರ ಮಿದುಳಿಗೆ ಗಮನ ಹೊರಳಿಸುವ ಅಭ್ಯಾಸ ದಿನವೂ ಆಗುತ್ತಿರುತ್ತದೆ, ಕಷ್ಟಕಾಲದಲ್ಲಿ ಅದು ಕಾಯುತ್ತದೆ ಎಂಬುದು ಸಂಶೋಧಕರ ಊಹೆ. ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ಆಳಂದದ ಸಂತೆಯಲ್ಲಿ ಓದುಬರಹ ಇಲ್ಲದವರೂ ಈ ಅಭ್ಯಾಸ ಮಾಡಿಕೊಂಡೇ ಬೆಳೆದಿದ್ದಾರೆ. ಅಪ್ಪನಿಗೆ ಕನ್ನಡ ಮೊದಲು ಮರಳಿತು, ಹಳೆಯ ಗಿರಾಕಿಗಳು ಬಂದು ಕೂಡತೊಡಗಿದ ಮೇಲೆ ಉರ್ದುವೂ ಬಂತು. ಮರಾಠಿ ಇನ್ನೂ ತಡವರಿಸುತ್ತದೆ.

ಪ್ರೀತಿಯ ಜೊತೆಗೆ ತರಬೇತಿ

ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿ ಆಗುತ್ತದೆ. ಊತ ಇಳಿಯುತ್ತದೆ, ಅರೆಜೀವವಾಗಿದ್ದ ಭಾಗ ಎಚ್ಚರಗೊಳ್ಳುತ್ತದೆ, ಪಕ್ಕದ ಭಾಗಗಳು ಹೊಸ ಕೆಲಸ ಕಲಿಯುತ್ತವೆ. ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. 2017ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಲಕ್ವಾ ಹೊಡೆದು ಆರು ತಿಂಗಳು ದಾಟಿದವರಿಗೂ ವಾರಕ್ಕೆ ಹತ್ತು ಗಂಟೆಗಿಂತ ಕಡಿಮೆಯಿಲ್ಲದಂತೆ ಮೂರು ವಾರ ವಾಕ್‌ಚಿಕಿತ್ಸೆ ಕೊಟ್ಟಾಗ ದಿನನಿತ್ಯದ ಮಾತು ಸುಧಾರಿಸಿತು. ‘ಇನ್ನ ಆಗೂದಿಲ್ಲ ಬಿಡ್ರಿ’ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಅದೇ ವರ್ಷ ಭಾರತದ ಒಂದು ದೊಡ್ಡ ಅಧ್ಯಯನವೂ ಹೊರಬಂತು. 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಅರ್ಧ ಜನರ ಮನೆಯವರಿಗೆ ಆರೈಕೆಯ ತರಬೇತಿ ಕೊಟ್ಟು ಕಳಿಸಿದರು, ಉಳಿದವರನ್ನು ಎಂದಿನಂತೆ ಕಳಿಸಿದರು. ಆರು ತಿಂಗಳ ಮೇಲೆ ನೋಡಿದರೆ ಸಾವಿನಲ್ಲಾಗಲಿ ಪರಾವಲಂಬನೆಯಲ್ಲಾಗಲಿ ವ್ಯತ್ಯಾಸವಿರಲಿಲ್ಲ, ಸತ್ತವರೂ ಪರಾವಲಂಬಿಗಳಾದವರೂ ಸೇರಿ ಎರಡೂ ಕಡೆ ನೂರಕ್ಕೆ 47. ಇದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಮನೆಯವರ ಸೇವೆ ವ್ಯರ್ಥವೆಂದು ಇದರ ಅರ್ಥವಲ್ಲ. ತರಬೇತಿ ಇಲ್ಲದ ಮನೆಗಳಲ್ಲೂ ಹೆಂಡತಿ, ಸೊಸೆ, ಮಕ್ಕಳು ಹೇಗೂ ಜೀವ ತೇಯುತ್ತಿರುತ್ತಾರೆ. ಅವರ ಹೆಗಲಿಗೆ ಇನ್ನಷ್ಟು ಹೊರಿಸಿ, ಆಸ್ಪತ್ರೆಯ ಕೆಲಸವನ್ನು ಮನೆಗೆ ಸಾಗಿಸಿದರೆ ಸಾಲದು ಎಂಬುದೇ ಇದರಿಂದ ನಾನು ಕಲಿತ ಪಾಠ. ಫಿಸಿಯೋಥೆರಪಿಯವರು, ವಾಕ್‌ಚಿಕಿತ್ಸಕರು, ಮನೋವೈದ್ಯರು ಕೈಗೆಟಕುವಲ್ಲಿ ಇರಬೇಕು.

ಸಿಗುವ ನೆರವನ್ನು ಬಿಡಬಾರದು. 2022ರಲ್ಲಿ ಆರೋಗ್ಯ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ಮಿದುಳು ಆರೋಗ್ಯ ಯೋಜನೆಯನ್ನು ಆರಂಭಿಸಿದವು, ಆಮೇಲೆ ಅದು ಜಿಲ್ಲಾ ಆಸ್ಪತ್ರೆಗಳತ್ತ ಹಬ್ಬಿತು. ಅಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಎಲ್ಲಿದೆ ಎಂದು ಕೇಳಿ. ರೋಗಿಯ ಮನಸ್ಸು ಕುಸಿದರೂ, ಸೇವೆ ಮಾಡುವವರ ಮನಸ್ಸು ಕುಸಿದರೂ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಕನ್ನಡದಲ್ಲೇ ಮಾತಾಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಇದೆ, ಅದರಲ್ಲಿ ಅಫೇಸಿಯಾದ ಹೆಸರೇ ಇದೆ. ಕಾಲು ನೆಟ್ಟಗಿದ್ದರೂ ಮಾತು ಶಾಶ್ವತವಾಗಿ ಹೋದವರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರರನ್ನು ನಾಲ್ಕು ಮಾತು ಕೇಳಿ. ಮಾತು ಮತ್ತು ತಿಳಿವಳಿಕೆ ಪರೀಕ್ಷೆ ಆಯಿತೇ? ಗಮನ, ನೆನಪು, ಲೆಕ್ಕ ನೋಡಿದಿರಾ? ಮನಸ್ಸಿನ ಕುಸಿತಕ್ಕೆ ಯಾರನ್ನು ಕಾಣಬೇಕು? ಮತ್ತೆ ಯಾವಾಗ ಪರೀಕ್ಷಿಸುತ್ತೀರಿ? ಬಿಪಿ, ಸಕ್ಕರೆಯ ಗುಳಿಗೆಗಳನ್ನು ಆರಾಮಾಯಿತೆಂದು ಬಿಡಬೇಡಿ. ಮನೆಯಲ್ಲಿ ಚಿಕ್ಕ ವಾಕ್ಯದಲ್ಲಿ ಮಾತಾಡಿ, ಉತ್ತರಕ್ಕೆ ಕಾಯಿರಿ, ಅವರ ಬಾಯಿಂದ ಬರಬೇಕಾದ ಶಬ್ದವನ್ನು ಅವಸರದಿಂದ ನೀವೇ ಹೇಳಿಬಿಡಬೇಡಿ. ಮನೆಯ ನಿರ್ಧಾರಗಳಲ್ಲಿ ಅವರನ್ನು ಕೇಳಿ, ತಲೆಯಾಡಿಸಿ ಹೇಳಿದರೂ ಅದು ಅವರ ಅಭಿಪ್ರಾಯವೇ.

ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲೂಕುಗಳ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನವಾದರೂ ವಾಕ್‌ಚಿಕಿತ್ಸಕರು ಸಿಗುವಂತಾಗಬೇಕು. ಕೂಲಿ ಬಿಟ್ಟು, ಬಸ್ಸಿನ ಖರ್ಚು ಹೊತ್ತು ಜಿಲ್ಲಾ ಕೇಂದ್ರಕ್ಕೆ ಅಲೆಯಬಲ್ಲವರು ಕೆಲವರೇ. ಉಳಿದವರು ಮಾತಿಲ್ಲದೆ ಮೂಲೆ ಸೇರುತ್ತಾರೆ, ಮೂಲೆ ಸೇರಿದವರ ಪರವಾಗಿ ಅರ್ಜಿ ಬರೆಯುವವರೂ ಇರುವುದಿಲ್ಲ. ಗ್ರಾಮಸಭೆಯಲ್ಲಿ, ಶಾಸಕರ ಮುಂದೆ, ಆರೋಗ್ಯ ಅಧಿಕಾರಿಯ ಮುಂದೆ ಈ ಬೇಡಿಕೆಯನ್ನು ಅವರಿಗಾಗಿ ಇಡಬೇಕಾದವರು ಮಾತು ಉಳಿದಿರುವ ನಾವು.