ಒಂದೂವರೆ ಚೀಲ ಕತ್ತಲೆ

ಒಂದೇ ದಿನದಲ್ಲಿ 833 ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ. ಕಾಲಿಟ್ಟ ಹಳ್ಳಿಗಳು 46,120. ಪರೀಕ್ಷಿಸಿದ ರೋಗಿಗಳು 1,21,18,630. ಒಟ್ಟು ಶಸ್ತ್ರಚಿಕಿತ್ಸೆಗಳು 6,10,564. ಕಣ್ಣಿನ ವೈದ್ಯ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿಯವರ ಹೆಸರಿನ ಮುಂದೆ ಗಿನ್ನೆಸ್ ದಾಖಲೆ ಪುಸ್ತಕ ಬರೆದುಕೊಂಡ ಲೆಕ್ಕವಿದು. 1943ರಲ್ಲಿ ಶುರುವಾಗಿ 1993ರ ಫೆಬ್ರುವರಿಯವರೆಗಿನ ಐವತ್ತು ವರ್ಷಗಳ ದುಡಿಮೆ.

ಮೋದಿಯವರು ಹುಟ್ಟಿದ್ದು 1916ರಲ್ಲಿ, ಬೀಳಗಿಯಲ್ಲಿ. ಇಂದು ಅದು ಬಾಗಲಕೋಟೆ ಜಿಲ್ಲೆ. ಅಂದು ವಿಜಾಪುರ ಜಿಲ್ಲೆ, ಮುಂಬೈ ಪ್ರಾಂತ್ಯ. ಆ ವಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಈಗ ಎರಡು ವೈದ್ಯಕೀಯ ಕಾಲೇಜುಗಳಿವೆ: 1984ರ ಅಲ್-ಅಮೀನ್, ಮತ್ತು ತಿಕೋಟಾ ಕ್ಷೇತ್ರದ ಶಾಸಕರಾಗಿದ್ದ ಬಿ.ಎಂ. ಪಾಟೀಲರ ಹೆಸರಿನ 1986ರ ಕಾಲೇಜು. ಮೋದಿಯವರು ಹುಡುಗರಾಗಿದ್ದಾಗ ಇಡೀ ಕನ್ನಡ ನಾಡಿಗೆ ವೈದ್ಯಕೀಯ ಕಾಲೇಜು ಎಂದಿದ್ದದ್ದು 1924ರಲ್ಲಿ ಮೈಸೂರು ಸಂಸ್ಥಾನ ತೆರೆದದ್ದೊಂದೇ. ವಿಜಾಪುರ ಸೀಮೆಯ ಹುಡುಗ ಡಾಕ್ಟರ್ ಆಗಬೇಕೆಂದರೆ ಮೊದಲು ಊರು ಬಿಡಬೇಕಿತ್ತು. ಮೋದಿಯವರು ಬಿಟ್ಟರು. ಕೊನೆಗೆ ನೆಲೆಯಾದದ್ದು ಬೆಂಗಳೂರಿನಲ್ಲಿ. ಆದರೆ ಅವರ ಲೆಕ್ಕ ನೋಡಿದರೆ ಅವರು ಯಾವ ಊರಿನಲ್ಲೂ ನಿಂತಂತೆ ಕಾಣುವುದಿಲ್ಲ.

46,120 ಹಳ್ಳಿಗಳನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಕರ್ನಾಟಕದ ಒಟ್ಟು ಹಳ್ಳಿಗಳು 29 ಸಾವಿರ ಚಿಲ್ಲರೆ. ಬೀದರಿನಿಂದ ಚಾಮರಾಜನಗರದವರೆಗೆ ಒಂದು ಹಳ್ಳಿಯನ್ನೂ ಬಿಡದೆ ಸುತ್ತಿ, ಮತ್ತೆ ಅರ್ಧ ರಾಜ್ಯವನ್ನು ಸುತ್ತಿದರೂ ಈ ಸಂಖ್ಯೆ ಮುಟ್ಟುವುದಿಲ್ಲ. ಐವತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಎರಡೂವರೆ ಹಳ್ಳಿ. ಮುಂಜಾನೆ ವಿಜಯಪುರ ಬಿಟ್ಟು ಪಡುವಣಕ್ಕೆ ತಿಕೋಟಾ, ಮಧ್ಯಾಹ್ನ ದಕ್ಷಿಣಕ್ಕೆ ತಿರುಗಿ ಬಬಲೇಶ್ವರ, ಹೊತ್ತು ಮುಳುಗುವುದರೊಳಗೆ ಮತ್ತೊಂದು ಊರಿನ ಅರ್ಧ ಕೆಲಸ. ಮರುದಿನವೂ ಇಷ್ಟೇ. ಹಬ್ಬವಿಲ್ಲ, ಜ್ವರವಿಲ್ಲ, ಮನೆಯ ಮದುವೆ ಮುಂಜಿವೆಯಿಲ್ಲ. ಹೀಗೆ 18,250 ದಿನ.

ಒಂದು ಕೋಟಿ ಇಪ್ಪತ್ತೊಂದು ಲಕ್ಷ ರೋಗಿಗಳೆಂದರೆ ಎಷ್ಟು ಜನ? 2011ರಲ್ಲಿ ಇಡೀ ವಿಜಯಪುರ ಜಿಲ್ಲೆಯ ಜನಸಂಖ್ಯೆ 21.77 ಲಕ್ಷ. ಹಾಲು ಕುಡಿಯುವ ಕೂಸಿನಿಂದ ಹಣ್ಣು ಹಣ್ಣು ಮುದುಕರವರೆಗೆ ಜಿಲ್ಲೆಯ ಪ್ರತಿಯೊಬ್ಬರನ್ನೂ ಐದು ಸಲ ಸರದಿಯಲ್ಲಿ ನಿಲ್ಲಿಸಿ ನೋಡಿದರೂ ಈ ಲೆಕ್ಕ ತುಂಬುವುದಿಲ್ಲ. ಆರು ಲಕ್ಷ ಹತ್ತು ಸಾವಿರ ಶಸ್ತ್ರಚಿಕಿತ್ಸೆಗಳೋ, ವಿಜಯಪುರ ನಗರದ ಅದೇ ವರ್ಷದ ಜನಸಂಖ್ಯೆಯ ಸುಮಾರು ಎರಡು ಪಟ್ಟು.

ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಮತ್ತೊಂದು ಸಂಗತಿ ತೆರೆದುಕೊಳ್ಳುತ್ತದೆ. ನೋಡಿದ ಪ್ರತಿ ಇಪ್ಪತ್ತು ಜನರಲ್ಲಿ ಶಸ್ತ್ರಚಿಕಿತ್ಸೆಯಾದದ್ದು ಒಂದು. ಸರಾಸರಿ ಹಿಡಿದರೆ ಒಂದು ಹಳ್ಳಿಯಲ್ಲಿ 263 ಜನರ ಕಣ್ಣು ನೋಡಿ, 13 ಶಸ್ತ್ರಚಿಕಿತ್ಸೆ ಮಾಡಿದಂತಾಯಿತು. ಉಳಿದ 250 ಜನರಿಗೆ ಕಣ್ಣಿಗೆ ಏನಾಗಿದೆ ಎಂದು ಬಲ್ಲವರೊಬ್ಬರು ನೋಡಿ ಹೇಳುವುದೇ ದೊಡ್ಡದಿತ್ತು. ಕಣ್ಣಿನ ಡಾಕ್ಟರ ಬಳಿಗೆ ಹೋಗಲು ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೊಬ್ಬರು ಬೇಕಾಗುತ್ತಿದ್ದ ಕಾಲವದು.

ಇನ್ನು 833. ನಿದ್ದೆ, ಊಟ ಬಿಟ್ಟು ಇಪ್ಪತ್ನಾಲ್ಕು ತಾಸೂ ನಿಂತರೆ 104 ಸೆಕೆಂಡಿಗೆ ಒಂದು ಕಣ್ಣು. ಹದಿನಾಲ್ಕು ತಾಸಿನ ದಿನವೆಂದು ಹಿಡಿದರೆ ನಿಮಿಷಕ್ಕೊಂದು. ಇದು ಹೇಗೆ ಸಾಧ್ಯ ಎಂದು ಹುಬ್ಬೇರಿಸುವ ಮೊದಲು ಇನ್ನೊಂದು ಗುಣಾಕಾರ ಮಾಡಿ ನೋಡಿ. 1.21 ಕೋಟಿ ರೋಗಿಗಳಿಗೆ ತಲೆಗೊಂದೇ ನಿಮಿಷ ಕೊಟ್ಟರೂ ಎರಡು ಲಕ್ಷ ತಾಸು ಬೇಕು. ದಿನಕ್ಕೆ ಎಂಟು ತಾಸಿನಂತೆ ದುಡಿದರೆ 69 ವರ್ಷ. ಮೋದಿಯವರಿಗೆ ಇದ್ದದ್ದು ಐವತ್ತು ವರ್ಷ, ಅದರಲ್ಲಿ ಆರು ಲಕ್ಷ ಶಸ್ತ್ರಚಿಕಿತ್ಸೆಗೂ ಸಮಯ ಹೊಂದಬೇಕು. ಒಬ್ಬ ಮನುಷ್ಯನ ಎರಡು ಕೈಗಳಲ್ಲಿ ಈ ಲೆಕ್ಕ ಹಿಡಿಸುವುದಿಲ್ಲ.

ಮೋದಿಯವರು ನಡೆಸುತ್ತಿದ್ದ ನೇತ್ರ ಶಿಬಿರಗಳ ಗುಟ್ಟು ಇರುವುದು ಇಲ್ಲಿ. ಶಾಲೆಯೋ ಛತ್ರವೋ ಆಸ್ಪತ್ರೆಯಾಗಿ ಬದಲಾಗುತ್ತಿತ್ತು. ಹೆಸರು ಬರೆದುಕೊಳ್ಳುವವರು ಒಬ್ಬರು, ಕಣ್ಣು ತೊಳೆಯುವವರು ಇನ್ನೊಬ್ಬರು, ಮರಗಟ್ಟಿಸುವ ಸೂಜಿಮದ್ದು ಕೊಡುವವರು ಮತ್ತೊಬ್ಬರು. ಸಾಲಾಗಿ ಹಾಕಿದ ಮೇಜುಗಳ ನಡುವೆ ಸರ್ಜನ್ನರು ನಡೆದು ಬರುವ ಹೊತ್ತಿಗೆ ಉಳಿದಿರುತ್ತಿದ್ದದ್ದು ಅವರೊಬ್ಬರೇ ಮಾಡಬೇಕಾದ ಕೆಲಸ ಮಾತ್ರ. ಅದು ಮುಗಿಯುತ್ತಿದ್ದಂತೆ ಪಟ್ಟಿ ಕಟ್ಟುವ ಕೈ ಬೇರೆ. ಅನ್ನ ಬೇಯಿಸುವ ಊರಿನವರಿಂದ ಹಿಡಿದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಿದವರ ಆರೈಕೆ ಮಾಡುವವರವರೆಗೆ ಎಲ್ಲರೂ ಈ 833ರಲ್ಲಿ ಸೇರಿದ್ದಾರೆ. ತನ್ನ ಒಂದು ನಿಮಿಷ ಕೂಡ ಪೋಲಾಗದಂತೆ ನೂರಾರು ಜನರ ದುಡಿಮೆಯನ್ನು ಜೋಡಿಸಿದ್ದು ಮೋದಿಯವರಂಥವರ ನಿಜವಾದ ಕೈಚಳಕ.

ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಮಬ್ಬಾದ ಮಸೂರವನ್ನು ತೆಗೆಯುತ್ತಿದ್ದರು, ಅಷ್ಟೆ. ಅದರ ಜಾಗದಲ್ಲಿ ಕೃತಕ ಮಸೂರ ಇಡುವುದನ್ನು 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲು ಮಾಡಿದರೂ ನಮ್ಮ ಹಳ್ಳಿಗಳಿಗೆ ಅದು ಬರಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ದಪ್ಪ ಗಾಜಿನ ಕನ್ನಡಕವೇ ಗತಿ. ಅದರಲ್ಲಿ ಮಕ್ಕಳ ಮುಖ, ಎತ್ತಿನ ಕೊಂಬು, ಹೊಸ್ತಿಲು ಎಲ್ಲವೂ ಕಾಲು ಪಾಲಿನಷ್ಟು ದೊಡ್ಡದಾಗಿ ಕಾಣುತ್ತಿದ್ದವು.

ವಯಸ್ಸಾದವರ ಕಣ್ಣಿನ ಒಂದು ಮಸೂರದ ತೂಕ ಸುಮಾರು ಕಾಲು ಗ್ರಾಂ. ಎಲ್ಲವೂ ಪೊರೆಯವೇ ಎಂದು ಹಿಡಿದು 6,10,564ರಿಂದ ಗುಣಿಸಿದರೆ 150 ಕಿಲೋ ಚಿಲ್ಲರೆ, ಅಂದರೆ ಒಂದೂವರೆ ಚೀಲ ಬಿಳಿಜೋಳದ ತೂಕ. ಐವತ್ತು ವರ್ಷದಲ್ಲಿ ತೆಗೆದ ಕತ್ತಲೆಯನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಚಕ್ಕಡಿಗೂ ಭಾರವಾಗದು.

ಆದರೆ ಆ ಕಾಲು ಗ್ರಾಂ ಮನೆಯೊಳಗಿದ್ದಾಗ ಅದನ್ನು ಹೊರುವವರು ಮನೆಯವರು. ಪೊರೆ ಬಲಿತ ಅಜ್ಜಿಯನ್ನು ಬಯಲಿಗೆ ಕರೆದೊಯ್ಯಬೇಕು, ತಾಟಿನಲ್ಲಿ ರೊಟ್ಟಿ ಎಲ್ಲಿದೆ ಎಂದು ಹೇಳಬೇಕು. ತಿಕೋಟಾದ ದ್ರಾಕ್ಷಿ ತೋಟದ ಕೂಲಿ ತಪ್ಪಿಸಿಕೊಂಡು ಸೊಸೆ ಕೂರಬೇಕು, ಇಲ್ಲವೇ ಮೊಮ್ಮಗ ಶಾಲೆ ಬಿಟ್ಟು ಕೋಲಿನ ತುದಿ ಹಿಡಿಯಬೇಕು. ಒಂದು ಶಸ್ತ್ರಚಿಕಿತ್ಸೆಯಿಂದ ಮನೆಯ ಒಬ್ಬರಿಗೆ ದಿನಕ್ಕೆ ಒಂದೇ ತಾಸು, ಅದೂ ಒಂದೇ ವರ್ಷ ಉಳಿಯಿತು ಎಂದು ಕೈ ಬಿಗಿ ಹಿಡಿದೇ ಲೆಕ್ಕ ಹಾಕೋಣ. 22 ಕೋಟಿ ತಾಸು, ಅಂದರೆ 25 ಸಾವಿರ ವರ್ಷ ಆಯಿತು. ಎರಡೂ ಕಣ್ಣು ಮಾಡಿಸಿಕೊಂಡವರಿದ್ದಾರೆ ಎಂದು ಅರ್ಧ ಕಳೆದರೂ 12 ಸಾವಿರ ವರ್ಷಕ್ಕಿಂತ ಹೆಚ್ಚು. ದಾಖಲೆ ಪುಸ್ತಕದಲ್ಲಿ ಈ ಸಂಖ್ಯೆಗೆ ಅಂಕಣವಿಲ್ಲ.

1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ. 2005ರಲ್ಲಿ ಮೋದಿಯವರು ತೀರಿಕೊಂಡರು. ಇಂದು ಭಾರತದಲ್ಲಿ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಪೊರೆ ಶಸ್ತ್ರಚಿಕಿತ್ಸೆಗಳಾಗುತ್ತವೆ. ಮೋದಿಯವರ ಐವತ್ತು ವರ್ಷದ ಕೆಲಸ ದೇಶಕ್ಕೆ ಈಗ ಹೆಚ್ಚೆಂದರೆ ಐದು ವಾರದ್ದು. ಶಾಲೆಯ ಕೋಣೆಯಲ್ಲಿ ಕಣ್ಣು ಕೊಯ್ಯುವ ಪದ್ಧತಿ ಹಿಂದೆ ಸರಿದಿದೆ. ಸೋಂಕಿನ ಭಯಕ್ಕೆ ಶಿಬಿರದಲ್ಲಿ ತಪಾಸಣೆ ಮಾತ್ರ ಮಾಡಿ, ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಇದು ಆಗಬೇಕಾದದ್ದೇ. ಒಬ್ಬ ಡಾಕ್ಟರು ಒಂದೇ ದಿನ 833 ಕಣ್ಣು ಮುಟ್ಟಬೇಕಾಗಿ ಬಂದದ್ದು ಅವರ ಹಿರಿಮೆ ಎಷ್ಟೋ, ಅವರ ಹಿಂದೆ ಇನ್ನೊಬ್ಬ ಡಾಕ್ಟರು ಇಲ್ಲದ ನಾಡಿನ ಬಡತನವೂ ಅಷ್ಟೇ. ಎಲ್ಲ ದಾಖಲೆಗಳೂ ಒಂದು ದಿನ ಮುರಿಯಲಿ ಎಂದು ಬಯಸುತ್ತೇವೆ. ಇದೊಂದನ್ನು ಮುರಿಯುವ ಗರಜು ಮಾತ್ರ ಯಾವ ಊರಿಗೂ ಬಾರದಿರಲಿ.